ಬೀರಿನೊಳಗಿನ ಪಾಠೋಪಕರಣ, ಬಾಯೊಳಗಿನ ಉಳ್ಳಾಗಡ್ಡಿ

ಕಲಬುರಗಿ ಸೀಮೆಯ ಮಕ್ಕಳಿಗೆ ಮೊದಲ ಪಾಟಿ ಮನೆಯ ನೆಲವೇ. ಶಹಾಬಾದಿನ ಪರಸಿಕಲ್ಲು ಹಾಸಿದ ಪಡಸಾಲೆಯಲ್ಲಿ ಚಾಕ್‌ಪೀಸಿನ ಒಂದು ಚೂರು ಸಿಕ್ಕರೆ ಮೂರು ವರ್ಷದ ಕೂಸು ಬೋರಲು ಬಿದ್ದು ಗೀಚಲು ಶುರುವಿಡುತ್ತದೆ. ಗೆರೆ, ಸೊನ್ನೆ, ಅವ್ವ, ಆಕಳು, ಬಸ್ಸು ಎಲ್ಲವೂ ಅಲ್ಲೇ ಮೂಡುತ್ತವೆ. ಸಂಜೆ ಕಸ ಹೊಡೆದು ಹಸಿ ಅರಿವೆಯಿಂದ ಒರೆಸಿದರೆ ಪಾಟಿ ಮತ್ತೆ ಹೊಸದು. ಇದಕ್ಕೆ ಟೆಂಡರ್ ಇಲ್ಲ, ತರಬೇತಿ ಇಲ್ಲ, ಒಡೆದರೆ ಯಾರೂ ಲೆಕ್ಕ ಕೇಳುವುದಿಲ್ಲ. ಶರಣಸಿರಸಗಿಯಂಥ ಊರಿನಲ್ಲಿ, ಅಂದರೆ ಕಲಬುರಗಿ ನಗರ ಬೆಳೆಯುತ್ತ ಬೆಳೆಯುತ್ತ ಬಂದು ತಾಕಿರುವ ಊರಿನಲ್ಲಿ, ಆ ಕೂಸು ಆರನೇ ವಯಸ್ಸಿಗೆ ಪಾಟಿಚೀಲ ಹೆಗಲಿಗೇರಿಸಿ ಸಾಲಿಗೆ ಹೊರಡುತ್ತದೆ. ಅಲ್ಲಿಂದ ಮುಂದೆ ಅದರ ಕೈಗೆ ಏನು ಸಿಗುತ್ತದೆ, ಯಾವುದನ್ನು ದೂರದಿಂದ ನೋಡಬೇಕಾಗುತ್ತದೆ, ಯಾವ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಬೇಕಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ನಮ್ಮ ಭಾಗದ ಶಿಕ್ಷಣದ ಬಗ್ಗೆ ಮಾತು ಎತ್ತಿದರೆ ಚರ್ಚೆ ನೇರವಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಹೋಗಿ ನಿಲ್ಲುತ್ತದೆ. 2025ರಲ್ಲಿ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯದಲ್ಲಿ ಕೊನೆಯ ಸ್ಥಾನಕ್ಕೆ ಇಳಿಯಿತು. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ಹಿಂದಿನ ವರ್ಷ ಕೊನೆಯಲ್ಲಿದ್ದದ್ದು ನೆರೆಯ ಯಾದಗಿರಿ, ಶೇ 50.59. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲು ಕಡಿಮೆಯಾಯಿತು, ಫಲಿತಾಂಶ ಕುಸಿಯಿತು, ಶೇ 20ರಷ್ಟು ಕೃಪಾಂಕ ಕೊಟ್ಟು ಎತ್ತಲಾಯಿತು. ಮರುವರ್ಷ ಕೃಪಾಂಕ ಹೋಯಿತು, ಬಣ್ಣ ಬಯಲಾಯಿತು. 2025ರ ಅಕ್ಟೋಬರ್‌ನಲ್ಲಿ ತೇರ್ಗಡೆಯ ಗೆರೆಯನ್ನೇ 35ರಿಂದ 33ಕ್ಕೆ ಇಳಿಸುವ ಪ್ರಕಟಣೆ ಹೊರಬಿತ್ತು. ಈ ಅಂಕಿಗಳನ್ನು ಹಿಡಿದು ಅಧಿಕಾರಿಗಳು ಶಿಕ್ಷಕರನ್ನು, ಶಿಕ್ಷಕರು ಪಾಲಕರನ್ನು, ಪಾಲಕರು ಮೊಬೈಲನ್ನು ದೂರುತ್ತಾರೆ. ಹತ್ತು ವರ್ಷ ತರಗತಿಯ ಕೋಣೆಯಲ್ಲಿ ಕೂತು ಬಂದ ಹುಡುಗ ಹುಡುಗಿಯರನ್ನು ಕೇಳಿದವರು ಕಡಿಮೆ. ಕೇಳುವುದಕ್ಕೆ ವೇದಿಕೆ ಇಲ್ಲವೆಂದಲ್ಲ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು, ನಡೆಸುತ್ತವೆ ಕೂಡ. ಅಲ್ಲಿ ಮಕ್ಕಳು ಎದ್ದು ನಿಂತು ಶೌಚಾಲಯ ಕೇಳುತ್ತಾರೆ, ಕಾಂಪೌಂಡ್ ಕೇಳುತ್ತಾರೆ, ಆಟದ ಮೈದಾನ ಕೇಳುತ್ತಾರೆ. "ನಿಮಗ ಪಾಠ ಹ್ಯಾಂಗ ತಿಳೀತದ? ಯಾವಾಗ ತಿಳಿಯೂದಿಲ್ಲ?" ಎಂಬ ಪ್ರಶ್ನೆ ಅಲ್ಲಿನ ಕಾರ್ಯಸೂಚಿಯಲ್ಲಿ ಇರುವುದಿಲ್ಲ.

ಕಲಿಕೆಯ ಪರಂಪರೆ ಈ ಜಿಲ್ಲೆಗೆ ಹೊಸದಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಅಲ್ಲಿನ ಶಾಸನ 200ಕ್ಕೂ ಹೆಚ್ಚು ವಿದ್ಯಾರ್ಥಿಗಳ ಊಟ ವಸತಿಗೆ ಏರ್ಪಾಡು ಮಾಡಿದ್ದನ್ನು ಹೇಳುತ್ತದೆ. ಅದರ ಜೊತೆಗೇ ಆರು ಮಂದಿ ಸರಸ್ವತೀ ಭಂಡಾರಿಗಳನ್ನು, ಅಂದರೆ ಗ್ರಂಥಪಾಲಕರನ್ನು ಹೆಸರಿಸುತ್ತದೆ. ಸಾವಿರ ವರ್ಷದ ಹಿಂದೆ ಇನ್ನೂರು ಚಿಲ್ಲರೆ ಹುಡುಗರಿಗೆ ಆರು ಗ್ರಂಥಪಾಲಕರು! ಇಂದು ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬ ಗ್ರಂಥಪಾಲಕರ ಹುದ್ದೆಯೂ ಇಲ್ಲ, ಪುಸ್ತಕಗಳು ಟ್ರಂಕಿನಲ್ಲಿರುತ್ತವೆ. ಹಾಗೆಂದು ಆ ಕಾಲವನ್ನು ಹೊಗಳಿ ಕೂರಲೂ ಆಗದು. ಆ ಘಟಿಕಾಸ್ಥಾನದ ಬಾಗಿಲು ಹೆಣ್ಣುಮಕ್ಕಳಿಗಾಗಲಿ ಕೇರಿಯ ಹುಡುಗನಿಗಾಗಲಿ ತೆರೆದಿರಲಿಲ್ಲ. ನಿಜಾಮರ ಕಾಲಕ್ಕೆ ಬಂದರೆ ಮೇಲಿನ ಓದೆಲ್ಲ ಉರ್ದುವಿನಲ್ಲಿ. 1907ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯದಂಥ ಸಂಸ್ಥೆಗಳು ಅದರ ನಡುವೆ ದಾರಿ ಮಾಡಿಕೊಂಡವು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಕೊನೆಯಾಯಿತು, 1956ರ ಏಕೀಕರಣವಾಯಿತು, ಮಾಧ್ಯಮ ಕನ್ನಡವಾಯಿತು. ಅಷ್ಟಾಗಿಯೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 64.85, ರಾಜ್ಯದ್ದು ಶೇ 75.36. ಇಂದಿನ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಮೊದಲು ಓದುಬರಹ ಕಲಿತವರು ಎಂಬುದನ್ನು ಈ ಅಂಕಿ ಹೇಳುತ್ತದೆ. ಅವರಿಗೆ ರಾತ್ರಿ ಲೆಕ್ಕ ಹೇಳಿಕೊಡಲು ಮನೆಯಲ್ಲಿ ಯಾರೂ ಇಲ್ಲ. ತರಗತಿಯಲ್ಲಿ ಸಿಕ್ಕಷ್ಟೇ ಸಿಕ್ಕಿದ್ದು.

ಆ ತರಗತಿಗೆ ಕಳೆದ ಮೂವತ್ತು ವರ್ಷಗಳಲ್ಲಿ ಬಂದ ಸಾಧನಗಳಲ್ಲಿ ಮಕ್ಕಳ ಮೈಗೆ ಒಗ್ಗಿದ್ದು ಯಾವುದೆಂದು ನನ್ನನ್ನು ಕೇಳಿದರೆ ನಲಿಕಲಿ ಎನ್ನುತ್ತೇನೆ. ಇದು ಹೊರಗಿನಿಂದ ಪೆಟ್ಟಿಗೆಯಲ್ಲಿ ಬಂದದ್ದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ಕಾರ್ಡು ಬರೆದು ಕಟ್ಟಿದ ಪದ್ಧತಿ. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಒಂದು ಎರಡನೇ ತರಗತಿಗೆ ಬಂತು, ಆಮೇಲೆ ಮೂರನೆಯದಕ್ಕೂ ಚಾಚಿತು. ಕೋಣೆಯೊಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ತಲೆಯ ಮೇಲೆ ದಾರ ಕಟ್ಟಿ ಮಾಡಿದ ಚಪ್ಪರ. ಅದರಿಂದ ಮಕ್ಕಳು ಮಾಡಿದ ಚಿತ್ರ, ಕಾಗದದ ಹೂವು ತೂಗುತ್ತಿರುತ್ತವೆ. ಗೋಡೆಗೆ ಕಲಿಕಾ ಏಣಿ, ಹವಾಮಾನ ನಕ್ಷೆ. ಕೆಳಗೆ ಮಕ್ಕಳ ಎತ್ತರಕ್ಕೆ ಸಾಲಾಗಿ ಕರಿಹಲಗೆ, ಪ್ರತಿಯೊಬ್ಬರಿಗೂ ತಮ್ಮದೊಂದು ತುಂಡು ಜಾಗ. ಮಗು ಏಣಿಯಲ್ಲಿ ತಾನು ನಿಂತ ಮೆಟ್ಟಿಲು ನೋಡಿಕೊಂಡು, ಆ ಮೆಟ್ಟಿಲಿನ ಚಿಹ್ನೆಯ ಕಾರ್ಡನ್ನು ತಾನೇ ಹೆಕ್ಕಿ ತಂದು, ತನ್ನ ಗುಂಪಿನಲ್ಲಿ ಕೂರುತ್ತದೆ. ಶಿಕ್ಷಕಿಯೂ ನೆಲದ ಮೇಲೆಯೇ ಕೂರುತ್ತಾರೆ.

ಈ ಏಣಿಯ ಒಂದು ಗುಣ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ್ದು. ಕಲಬುರಗಿ ತೊಗರಿಯ ಕಣಜ, ನಿಜ. ಆದರೆ ರಾಶಿ ಮುಗಿದ ಮೇಲೆ ಕೆಲಸ ಇಲ್ಲ. ದೀಪಾವಳಿಯಿಂದ ಯುಗಾದಿವರೆಗಿನ ಅವಧಿಯಲ್ಲಿ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಎಂದು ಗುಳೆ ಹೊರಡುತ್ತವೆ. ಕಬ್ಬು ಕಡಿಯುವ ಗ್ಯಾಂಗುಗಳ ಜೊತೆ ಮಕ್ಕಳೂ ಗಾಡಿ ಹತ್ತುತ್ತಾರೆ. ಎರಡು ಮೂರು ತಿಂಗಳು ಬಿಟ್ಟು ಬಂದ ಮಗು ನಲಿಕಲಿ ಕೋಣೆಯಲ್ಲಿ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. "ಎಲ್ಲರೂ ಹದಿನೆಂಟನೇ ಪಾಠದಲ್ಲಿದ್ದಾರೆ, ನೀನು ಎಲ್ಲಿದ್ದಿ?" ಎಂದು ಯಾರೂ ಬೆರಳು ಮಾಡುವುದಿಲ್ಲ. ಗೈರುಹಾಜರಿಯ ಅವಮಾನವನ್ನು ಪದ್ಧತಿಯೇ ನುಂಗಿಕೊಳ್ಳುತ್ತದೆ.

ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಈ ಏಣಿ ಮಾಯವಾಗುತ್ತದೆ. ಬೆಂಚು ಬರುತ್ತದೆ, ಪಠ್ಯಪುಸ್ತಕ ಬರುತ್ತದೆ, ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ಗುಳೆ ಹೋಗಿ ಬಂದ ಹುಡುಗ ಈಗ ಕೊನೆಯ ಬೆಂಚಿನವನು. ಮುಂದಿನ ಎಲ್ಲ ಕಾರ್ಯಕ್ರಮಗಳು, ಕೋವಿಡ್ ನಂತರ 2022-23ರ ಕಲಿಕಾ ಚೇತರಿಕೆ, ನಾಲ್ಕು ಐದನೇ ತರಗತಿಯ ಓದು ಕರ್ನಾಟಕ, ಆಮೇಲೆ ಬಂದ ಮರುಸಿಂಚನ, ಇವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ಕಳೆದುಹೋದ ಮೆಟ್ಟಿಲನ್ನು ಮತ್ತೆ ಹುಡುಕಿಕೊಡುವ ಪ್ರಯತ್ನಗಳೇ. ಒಂದು ಏಣಿಯನ್ನು ಐದನೆಯ ತರಗತಿಯವರೆಗೆ ನೆಟ್ಟಗೆ ನಿಲ್ಲಿಸಿದ್ದರೆ ಇಷ್ಟು ಹೆಸರುಗಳು ಬೇಕಾಗುತ್ತಿರಲಿಲ್ಲ ಎಂಬುದು ನನ್ನ ಎಣಿಕೆ. ನಲಿಕಲಿಯ ದೋಷಗಳು ಎಲ್ಲರಿಗೂ ಗೊತ್ತಿರುವುದೇ: ಮೂರು ತರಗತಿಗೆ ಒಬ್ಬರೇ ಶಿಕ್ಷಕರು, ಹರಿದ ಕಾರ್ಡು, ಪ್ರಗತಿ ನೋಟ ತುಂಬುವುದರಲ್ಲೇ ಮುಗಿಯುವ ಸಂಜೆ. ಅವು ಪದ್ಧತಿಯ ದೋಷ ಎನ್ನುವುದಕ್ಕಿಂತ ಅದನ್ನು ಸಾಕಿದ ರೀತಿಯ ದೋಷ.

ಇನ್ನು ಬೀರಿನ ಕಥೆ. ನಾನು ಕಲಿತ ಸಾಲಿಯಲ್ಲಿ ಹೆಡ್ ಮಾಸ್ತರರ ಬೀರಿನ ಮೇಲೆ ಒಂದು ಗ್ಲೋಬ್ ಇತ್ತು. ಬಂದ ದಿನದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಏಳು ವರ್ಷ ನಾನು ಭೂಮಿಯನ್ನು ಧೂಳಿನ ಮರೆಯಲ್ಲಿ ಕಂಡವನು. ಒಮ್ಮೆ ತಿರುಗಿಸಲು ಹೋಗಿ "ಮುಟ್ಟಬ್ಯಾಡಲೇ, ಒಡೀತದ" ಎಂದು ಬೈಸಿಕೊಂಡಿದ್ದೆ. ಆಗ ಮಾಸ್ತರರ ಮೇಲೆ ಸಿಟ್ಟಿತ್ತು. ದೊಡ್ಡವನಾದ ಮೇಲೆ ದಾಸ್ತಾನು ವಹಿ ಎಂಬುದೊಂದು ಇರುತ್ತದೆಂದು ತಿಳಿಯಿತು. ಶಾಲೆಗೆ ಬಂದ ಪ್ರತಿ ವಸ್ತುವೂ ಅದರಲ್ಲಿ ದಾಖಲಾಗಬೇಕು. ವರ್ಗಾವಣೆಯಾದಾಗ ಎಣಿಸಿ ಒಪ್ಪಿಸಬೇಕು. ಕಡಿಮೆಯಾದರೆ ಉತ್ತರ ಕೊಡಬೇಕಾದವರು ಮುಖ್ಯಗುರುಗಳು. ಪಾಠಕ್ಕೆ ಬಳಸಿ ಒಡೆದ ಬೀಕರಿಗೂ ಕಳುವಾದ ಬೀಕರಿಗೂ ಆ ವಹಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಹಾಗಿರುವಾಗ ಜಾಣ ಮನುಷ್ಯ ಮಾಡುವುದೇನು? ಬೀಗ ಹಾಕುತ್ತಾನೆ.

ಅಕ್ಷರ ಫೌಂಡೇಷನ್ನಿನ ಗಣಿತ ಕಲಿಕಾ ಆಂದೋಲನ ಈ ಭಾಗದ ಶಾಲೆಗಳಿಗೆ ಗಣಿತದ ಕಿಟ್ ತಂದಿತು. ಅಬ್ಯಾಕಸ್, ಸ್ಥಾನಬೆಲೆಯ ಪಟ್ಟಿ, ಭಿನ್ನರಾಶಿಯ ತುಂಡು, ತಕ್ಕಡಿ, ಗಡಿಯಾರ. ನಾಲ್ಕು ಐದನೇ ತರಗತಿಯ ಕೈಗಳಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಕಾಲು, ಅರ್ಧ, ಮುಕ್ಕಾಲು ಎಂಬುದನ್ನು ತುಂಡು ಜೋಡಿಸಿ ನೋಡಿದ ಮಗುವಿಗೆ ಛೇದ ಅಂಶದ ಹೆದರಿಕೆ ಅರ್ಧಕ್ಕರ್ಧ ಹೋಗುತ್ತದೆ. ಅಂದಹಾಗೆ ಸಂತೆಯಲ್ಲಿ ತರಕಾರಿ ಮಾರುವ ತಾಯಿಯ ಪಕ್ಕ ಕೂತ ಹುಡುಗಿಗೆ ಪಾವು ಕಿಲೋ, ಅರ್ಧ ಕಿಲೋ ಮೊದಲೇ ಗೊತ್ತು. ಅವಳಿಗೆ ತಿಳಿಯದಿರುವುದು ಪಾವು ಕಿಲೋಗೂ ಹಲಗೆಯ ಮೇಲಿನ ಒಂದರ ಕೆಳಗೆ ನಾಲ್ಕಕ್ಕೂ ನಂಟಿದೆ ಎಂಬುದು ಮಾತ್ರ. ಆ ನಂಟನ್ನು ತೋರಿಸುವುದಕ್ಕೇ ಕಿಟ್ ಇರುವುದು. ಕಿಟ್ ತೆರೆದ ಶಾಲೆಯಲ್ಲಿ ಗಣಿತದ ತಾಸು ಸಂತೆಯ ಹಾಗೆ ಗದ್ದಲವಾಗಿರುತ್ತದೆ. ಸದ್ದಿಲ್ಲದ ತರಗತಿಯೇ ಒಳ್ಳೆಯ ತರಗತಿ ಎಂದು ನಂಬಿದ ತಪಾಸಣಾಧಿಕಾರಿ ಆ ಹೊತ್ತಿಗೆ ಬಂದರೆ ಕಿಟ್ ಮರುದಿನ ಬೀರಿಗೆ ಹೋಗುತ್ತದೆ.

ಪ್ರೌಢಶಾಲೆಯ ವಿಜ್ಞಾನದ ಪ್ರಯೋಗಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಯೋಗವನ್ನು ಮಾಡುವುದಕ್ಕಿಂತ ಪ್ರಯೋಗದ ಚಿತ್ರವನ್ನು ಪೆನ್ಸಿಲಿನಿಂದ ಬಿಡಿಸಿ ಭಾಗ ಗುರುತಿಸಿದವರೇ ನಮ್ಮಲ್ಲಿ ಹೆಚ್ಚು. ಪರೀಕ್ಷೆ ಕೇಳುವುದೂ ಅದನ್ನೇ.

ಕೈಯ ವಿಷಯ ಹೀಗಾದರೆ ನಾಲಗೆಯ ವಿಷಯ ಇನ್ನೂ ಸೂಕ್ಷ್ಮ. ಚಿತ್ರಪಟದಲ್ಲಿರುವ ಈರುಳ್ಳಿ ತೋರಿಸಿ ಇದೇನೆಂದು ಕೇಳಿದರೆ ಕಲಬುರಗಿಯ ಮಗು "ಉಳ್ಳಾಗಡ್ಡಿ ಅದರೀ" ಎನ್ನುತ್ತದೆ. ಮೊಟ್ಟೆ ಅದಕ್ಕೆ ತತ್ತಿ, ಕಡಲೆಕಾಯಿ ಶೇಂಗಾ, ಶಾಲೆ ಸಾಲಿ. "ತಪ್ಪು, ಈರುಳ್ಳಿ ಅನ್ನು" ಎಂಬ ಉತ್ತರ ಬಂದಾಗ ಮಗು ಕಲಿಯುವುದು ಒಂದು ಹೊಸ ಪದವನ್ನಲ್ಲ. ಮನೆಯ ಮಾತು ಇಲ್ಲಿ ಸಲ್ಲುವುದಿಲ್ಲ ಎಂಬುದನ್ನು. ಎರಡು ಮೂರು ಸಲ ಹೀಗಾದರೆ ಅದು ಕೈ ಎತ್ತುವುದನ್ನೇ ಬಿಡುತ್ತದೆ. ಹತ್ತನೇ ತರಗತಿಯಲ್ಲಿ "ಉತ್ತರ ಗೊತ್ತಿತ್ತರೀ, ಹ್ಯಾಂಗ ಬರೀಬೇಕು ತಿಳೀಲಿಲ್ಲ" ಎನ್ನುವ ಹುಡುಗರ ಸಂಕಟದ ಬೇರು ಅಲ್ಲಿ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ವಿಚಿತ್ರ ನೋಡಿ: ಕನ್ನಡದ ಉಪಲಬ್ಧ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನದು. ಕನ್ನಡ ಒಂದಲ್ಲ, ಹಲವು ಎಂದು ಒಂಬತ್ತನೇ ಶತಮಾನದಲ್ಲೇ ಗುರುತಿಸಿದ ಪುಸ್ತಕ ಅದು. ಅದೇ ನೆಲದ ಮಗುವಿಗೆ ನಿನ್ನ ಕನ್ನಡ ಅಶುದ್ಧ ಎಂದು ಹೇಳುತ್ತಿದ್ದೇವೆ.

ಇದು ಕನ್ನಡದ ಮಕ್ಕಳ ಕಥೆ. ಕೆಂಪು ಬಾಳೆಹಣ್ಣಿಗೆ ಹೆಸರಾದ, ಈಚೆಗೆ ಪ್ರತ್ಯೇಕ ತಾಲ್ಲೂಕಾದ ಕಮಲಾಪುರದ ಕಡೆ ಹೋದರೆ ತಾಂಡಾಗಳು ಸಿಗುತ್ತವೆ. ಲಂಬಾಣಿ ಮಗುವಿಗೆ ನೀರು ಪಾಣಿ, ರೊಟ್ಟಿ ಬಾಟಿ. ರಾಜ್ಯದಲ್ಲಿ ಪಠ್ಯಪುಸ್ತಕ ಅಚ್ಚಾಗುವ ಮಾಧ್ಯಮಗಳಲ್ಲಿ ಅದರ ಗೋರ್ ಬೋಲಿಗೆ ಜಾಗವಿಲ್ಲ. ಆಳಂದದ ಗಡಿಯಲ್ಲಿ ಮರಾಠಿ, ಸೇಡಂ ಕಡೆ ತೆಲುಗು, ನಗರದ ಓಣಿಗಳಲ್ಲಿ ದಖನಿ. ಒಡಿಶಾ 2007ರ ಹೊತ್ತಿಗೇ ಹತ್ತು ಆದಿವಾಸಿ ಭಾಷೆಗಳಲ್ಲಿ ಮೊದಲ ತರಗತಿಗಳ ಓದು ಆರಂಭಿಸಿತ್ತು. ನಾವು ಅಷ್ಟು ದೂರ ಹೋಗದಿದ್ದರೂ, ತಾಂಡಾದ ಶಾಲೆಯಲ್ಲಿ ನಾಲ್ಕು ಮಾತು ಗೋರ್ ಬೋಲಿ ಬಲ್ಲ ಶಿಕ್ಷಕಿಯಿದ್ದರೆ ಮೊದಲ ವಾರದಲ್ಲೇ ಅಳು ನಿಲ್ಲುತ್ತದೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಐದನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಇರಲಿ ಎಂದಿದೆ. ಒಳ್ಳೆಯ ಮಾತೇ. ಅದರ ಜೊತೆಯಲ್ಲೇ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಹೆಚ್ಚುತ್ತಿವೆ, ಪಾಲಕರು ಕೇಳುತ್ತಿರುವುದೂ ಅದನ್ನೇ. ಶರಣಸಿರಸಗಿಯಂಥ ನಗರದಂಚಿನ ಊರಿನಲ್ಲಿ ಖಾಸಗಿ ಶಾಲೆಯ ಹಳದಿ ವ್ಯಾನು ಮನೆಬಾಗಿಲಿಗೆ ಬರುವಾಗ ಬಡ ಪಾಲಕನಿಗೆ ಮಾತೃಭಾಷೆಯ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಎರಡನ್ನೂ ಹೇಗೆ ಸಂಭಾಳಿಸುವುದೆಂಬ ಭಾರ ಕೊನೆಗೆ ಬೀಳುವುದು ಒಂದನೇ ತರಗತಿಯ ಶಿಕ್ಷಕಿಯ ತಲೆಯ ಮೇಲೆ.

ತೆರೆಗಳ ಕಥೆ ಬೇಗ ಮುಗಿಯುತ್ತದೆ. ತೆರೆಗಳಿಗೂ ಹಿಂದೆ ರೇಡಿಯೋ ಇತ್ತು. 1966ರಿಂದ ಕಲಬುರಗಿಯಲ್ಲೇ ಆಕಾಶವಾಣಿ ಕೇಂದ್ರವಿದೆ. ಚುಕ್ಕಿ ಚಿನ್ನ, ಕೇಳಿ ಕಲಿ ಪಾಠಗಳು ಬಾನುಲಿಯಲ್ಲಿ ಬಂದಾಗ ಹಾಡಿಗೆ ಮಕ್ಕಳು ಎದ್ದು ಕುಣಿಯುತ್ತಿದ್ದರು. ಆಮೇಲೆ ಕಂಪ್ಯೂಟರ್ ಕೋಣೆ, ಪುಸ್ತಕದ ಮೂಲೆಯಲ್ಲಿ ಕ್ಯೂಆರ್ ಕೋಡ್, ದೀಕ್ಷಾ ಆ್ಯಪ್, ಸ್ಮಾರ್ಟ್ ಬೋರ್ಡ್. 2020ರಲ್ಲಿ ಶಾಲೆ ಮುಚ್ಚಿದಾಗ ಇವೆಲ್ಲದರ ನಿಜವಾದ ಪರೀಕ್ಷೆ ನಡೆಯಿತು. ಮನೆಯಲ್ಲಿ ಒಂದು ಮೊಬೈಲ್, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಮೂರು ಮಕ್ಕಳು, ಮೂವರಿಗೂ ಸಂಜೆ ಏಳಕ್ಕೇ ಪಾಠ. ಚಂದನ ವಾಹಿನಿಯಲ್ಲಿ ಪಾಠ ಬರುವ ಹೊತ್ತಿಗೆ ಕರೆಂಟ್ ಹೋಗುತ್ತಿತ್ತು. ಆ ದಿನಗಳಲ್ಲಿ ಮಕ್ಕಳಿಗೆ ದಕ್ಕಿದ್ದು ವಿದ್ಯಾಗಮ: ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಿಗೆ ಶಿಕ್ಷಕರೇ ಹೋಗಿ ಕಲಿಸಿದ್ದು. ಆಗಸ್ಟ್‌ನಲ್ಲಿ ಶುರುವಾದದ್ದು ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತಿತು. ಪೆರು ದೇಶ ಹಳ್ಳಿಯ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ದನ್ನು ಅಧ್ಯಯನ ಮಾಡಿದವರು 2012ರಲ್ಲಿ, ಗಣಿತದಲ್ಲೂ ಭಾಷೆಯಲ್ಲೂ ಗೆಲುವು ಕಾಣಲಿಲ್ಲ ಎಂದು ಬರೆದರು. ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿಯ ಧ್ವನಿಯೂ ಹೆಚ್ಚುಕಡಿಮೆ ಅದೇ. ಈ ತೆರೆಗಳಿಗಿಂತ ನನಗೆ ಗಣಿತ ಗಣಕ ಎಂಬ ಕಾರ್ಯಕ್ರಮದ ಲೆಕ್ಕಾಚಾರ ಹಿಡಿಸಿತು. ಅಲ್ಲಿ ಶಾಲೆ ಬಿಟ್ಟ ಮೇಲೆ ಶಿಕ್ಷಕರು ಮಗುವಿನ ಮನೆಗೆ ಫೋನ್ ಮಾಡಿ ಕೂಡುವ ಕಳೆಯುವ ಲೆಕ್ಕ ಹೇಳಿಕೊಡುತ್ತಾರೆ. ಅದಕ್ಕೆ ಬಟನ್ ಫೋನ್ ಸಾಕು. ಆ ತುದಿಯಲ್ಲಿ ಮಗುವಿನ ಹೆಸರು ಹಿಡಿದು ಕರೆಯುವ ಒಂದು ದನಿ ಇರುತ್ತದೆ.

ಆ ದನಿಯ ಕೊರತೆಯೇ ನಮ್ಮ ದೊಡ್ಡ ಕೊರತೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಕರೆದಾಗ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. 371(ಜೆ) ವಿಧಿಯ ಫಲ ಅದು. ಆದರೂ ಗಣಿತ, ವಿಜ್ಞಾನ, ಇಂಗ್ಲಿಷ್ ತರಗತಿಗಳು ಇಂದಿಗೂ ಅತಿಥಿ ಶಿಕ್ಷಕರ ಮೇಲೆ ನಿಂತಿವೆ. ಜೂನ್‌ನಲ್ಲಿ ಶಾಲೆ ತೆರೆದು, ಅತಿಥಿ ಶಿಕ್ಷಕರು ಬಂದು ಸೇರುವಷ್ಟರಲ್ಲಿ ಮಳೆಗಾಲ ನಡೆದಿರುತ್ತದೆ. ಮುಂದಿನ ವರ್ಷ ಮತ್ತೆ ಬೇರೆ ಮುಖ. ಸಾಧನ ಬದಲಾದರೆ ಮಕ್ಕಳು ಹೊಂದಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಗುರು ಬದಲಾದರೆ ಯಾರನ್ನು ನಂಬಿ ತಪ್ಪು ಉತ್ತರ ಹೇಳಬೇಕು?

ಇದನ್ನೆಲ್ಲ ಸರಿಪಡಿಸುವುದು ಆಗದ ಕೆಲಸವೇನಲ್ಲ ಎಂಬುದಕ್ಕೆ ಈ ನೆಲದಲ್ಲೇ ಸಾಕ್ಷಿ ಇದೆ. ಮಹಾದಾಸೋಹಿ ಶರಣಬಸವೇಶ್ವರರ ಊರಿನ ಮಾತನ್ನೇ ಹೆಸರಿಗಿಟ್ಟುಕೊಂಡ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಆರಂಭವಾದದ್ದು ಈ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ತತ್ತಿ ಬಂದದ್ದೂ ಇಲ್ಲಿಗೇ ಮೊದಲು, ವಿರೋಧದ ನಡುವೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಬಸ್ಸು ಉಚಿತವಾಯಿತು. ಹಸಿದ ಹೊಟ್ಟೆಗೂ ದೂರದ ದಾರಿಗೂ ಉತ್ತರ ಹುಡುಕಿದ ಸರ್ಕಾರಕ್ಕೆ ದಾಸ್ತಾನು ವಹಿಯಲ್ಲಿ "ಪಾಠದಲ್ಲಿ ಬಳಸಿ ಸವೆದದ್ದು" ಎಂಬ ಒಂದು ಕಲಂ ಸೇರಿಸುವುದು ಕಷ್ಟವೇ? ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ನಮ್ಮವರು ಡಯಟ್ ಎಂದು ಕರೆಯುವುದು, ಕಲಬುರಗಿ ಜಿಲ್ಲೆಗೆ ಇರುವುದು ಕಮಲಾಪುರದಲ್ಲಿ. ಉಳ್ಳಾಗಡ್ಡಿಯಿಂದ ಈರುಳ್ಳಿಗೆ, ಬಾಟಿಯಿಂದ ರೊಟ್ಟಿಗೆ ದಾಟಿಸುವ ಒಂದು ಚಿಕ್ಕ ಪದಪುಸ್ತಕ ಮಾಡಲು ಅದಕ್ಕಿಂತ ಸರಿಯಾದ ಜಾಗ ಇಲ್ಲ. ಸುತ್ತಲೂ ತಾಂಡಾಗಳಿವೆ, ಒಳಗೆ ನಾಳಿನ ಶಿಕ್ಷಕರಿದ್ದಾರೆ.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ನಿಮ್ಮೂರಿನ ಸಾಲಿಗೆ ಆಗಸ್ಟ್ ಹದಿನೈದಕ್ಕೋ ಎಸ್‌ಡಿಎಂಸಿ ಸಭೆಗೋ ಹೋದಾಗ ಫಲಿತಾಂಶ ಕೇಳಬೇಡಿ. ಬೀರಿನ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ, ಮುಖ್ಯಗುರುಗಳ ಎದುರಿಗೇ ಅದನ್ನು ತೆರೆಸಿ. ಆಮೇಲೆ ನಾಲ್ಕನೇ ತರಗತಿಯ ಒಬ್ಬ ಹುಡುಗಿಯನ್ನು ಹತ್ತಿರ ಕರೆದು, ಅವಳ ಮಾತಿನಲ್ಲೇ ಕೇಳಿ: "ಇದನ್ನ ನೀ ಎಂದರ ಕೈಯಾಗ ಹಿಡದ್ ನೋಡೀಯೇನವ್ವಾ?"